ಲಚ್ಮಿಯ ಕಿವಿ, ನನ್ನ ಸೆರಗು

ಮೊಮ್ಮಗಳು ಕವಿತಾ ಶಿಕ್ಷಕಿಯ ತರಬೇತಿಗೆ ಸೇರಿದ ವಾರವೇ ಒಂದು ಹೊಸ ನೋಟ್ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟು, "ಅಜ್ಜಿ, ನಿನ್ನ ಸರ್ವಿಸ್‌ನಲ್ಲಿ ಏನೇನಾಯ್ತೋ ಎಲ್ಲಾ ಬರೆದುಕೊಡು" ಎಂದಳು. ಹೇಳು ಎಂದಿದ್ದರೆ ನಾನು ನಾಲ್ಕು ಮಾತಿಗೆ ಮುಗಿಸಿ ಅಡುಗೆಮನೆಗೆ ಎದ್ದುಹೋಗುತ್ತಿದ್ದೆ. ಅದು ಗೊತ್ತಿದ್ದೇ ಅವಳು ಬರೆ ಎಂದಿದ್ದು. ಬರೆಯುವುದು ನನಗೆ ಕಷ್ಟವಲ್ಲ. ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ.

ಯಾವ ವರ್ಷ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎನ್ನುವುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಅದನ್ನು ಓದಿ ನೀವು ಯಾರೂ ಒಳ್ಳೆಯ ಟೀಚರ್ ಆಗುವುದಿಲ್ಲ. ನಾನು ಬರೆಯುವುದು ಕೆಜಿಎಫ್ ಚಿನ್ನದ ಗಣಿಯ ಕಡೆ, ಕ್ಯಾಸಂಬಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕಳೆದ ವರ್ಷಗಳನ್ನು. ಅದರಲ್ಲೂ ಲಚ್ಮಿ ಎಂಬ ಹುಡುಗಿಯ ವಿಷಯವನ್ನು. ನನಗೆ ಪಾಠ ಹೇಳುವುದು ಬಂದದ್ದು ಅವಳಿಂದ. ಅದಕ್ಕೆ ಮುಂಚಿನ ಎಂಟು ವರ್ಷ ನಾನು ಸಂಬಳ ತೆಗೆದುಕೊಂಡಿದ್ದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪನನ್ನು ಬಂಗಾರಪೇಟೆಯಲ್ಲಿ ನನ್ನ ಅಮ್ಮನ ಹತ್ತಿರ ಬಿಟ್ಟು, ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಶನಿವಾರ ಮಧ್ಯಾಹ್ನವೇ ವಾಪಸ್ಸು. ಶಾಲೆಗೆ ಎರಡು ಕೋಣೆ. ಒಂದು ಮತ್ತು ಎರಡನೇ ತರಗತಿ ಹೆಡ್‌ಮಾಸ್ಟರ್ ಮುನಿಸ್ವಾಮಪ್ಪನವರಿಗೆ, ಮೂರು ಮತ್ತು ನಾಲ್ಕು ನನಗೆ. ಅವರ ಮೇಜು ಮಾತ್ರ ನನ್ನ ಕೋಣೆಯಲ್ಲಿತ್ತು, ಅವರ ಕೋಣೆ ಸೋರುತ್ತಿತ್ತು ಎಂದು. ಹಾಗಾಗಿ ಅರ್ಧ ದಿನ ಅವರು ನನ್ನ ತರಗತಿಯಲ್ಲೇ ಕೂತು ರಿಜಿಸ್ಟರ್ ಬರೆಯುತ್ತಿದ್ದರು.

ಮುನಿಸ್ವಾಮಪ್ಪನವರು ಒಳ್ಳೆಯವರು. ನಾನೇ ನಾಚಿಕೆಯವಳು. ಹಳ್ಳಿ ಶಾಲೆಯಲ್ಲಿ ಓದಿದವಳು, ಗಂಡಸರ ಎದುರು ತಲೆ ಎತ್ತಿ ಮಾತಾಡಿ ಅಭ್ಯಾಸವಿಲ್ಲ. ನಿಮ್ಮ ತಾತ ಹೋದ ಮೇಲಂತೂ ಇನ್ನಷ್ಟು ಮುದುಡಿಕೊಂಡಿದ್ದೆ. ಒಂದು ಸಲ ಇನ್ಸ್‌ಪೆಕ್ಟರ್ ಸಾಹೇಬರು ಬಂದು "ನಿಮ್ಮ ಹೆಸರೇನಮ್ಮ?" ಎಂದು ಕೇಳಿದಾಗ ನಾನು ಹೆಡ್‌ಮಾಸ್ಟರ್ ಮುಖ ನೋಡಿದೆ. ಅವರು "ಸರೋಜಮ್ಮ ಸಾರ್" ಎಂದರು. "ಎಷ್ಟು ವರ್ಷ ಸರ್ವಿಸ್?" ಎಂದರು. ಮತ್ತೆ ಹೆಡ್‌ಮಾಸ್ಟರ್ ಮುಖ ನೋಡಿದೆ. ಸಾಹೇಬರು ಹೋದ ಮೇಲೆ ಮುನಿಸ್ವಾಮಪ್ಪನವರು, "ಅಲ್ಲಮ್ಮ ಸರೋಜಮ್ಮ, ಮುಂದಿನ್ ಸತಿ ನನ್ನ ಎಸ್ರೂ ನೀವೇ ಏಳ್ಬಿಡಿ, ಸಮಕ್ ಸಮ ಆಗ್ಲಿ" ಎಂದು ನಕ್ಕರು.

ಲಚ್ಮಿ ನನ್ನ ಕೋಣೆಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ರಿಜಿಸ್ಟರಿನಲ್ಲಿ ವೆಂಕಟಲಕ್ಷ್ಮಿ. ಅಪ್ಪ ನಾರಾಯಣಪ್ಪ ಚಿನ್ನದ ಗಣಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸದವನು. ಊರಿಗಾಂನ ಕಾರ್ಮಿಕರ ಲೈನ್ ಮನೆಯಲ್ಲಿ ಇದ್ದ. ಅಲ್ಲಿ ಅವಳಿ ಮಕ್ಕಳು ಹುಟ್ಟಿ ತಾಯಿಗೆ ಕೈ ಬಿಡುವಿಲ್ಲದಂತಾದಾಗ ಲಚ್ಮಿಯನ್ನು ಈ ಹಳ್ಳಿಗೆ, ಅವಳ ಅಜ್ಜಿ ಚಿನ್ನಕ್ಕನ ಮನೆಗೆ ಕಳಿಸಿದ್ದರು. ಚಿನ್ನಕ್ಕನ ಮನೆಮಾತು ತೆಲುಗು, ಲೈನ್ ಮನೆಗಳ ಸುತ್ತ ತಮಿಳು, ಶಾಲೆಯಲ್ಲಿ ಕನ್ನಡ.

ಹುಡುಗಿ ಮಾತಾಡುವುದು ಬಹಳ ಕಡಿಮೆ. ಆಡಿದ ಮಾತೂ ಅರ್ಧಂಬರ್ಧ. ನನಗೆ ಅರ್ಥವಾಗದೆ ಇದ್ದಾಗ, ಪಾಪ ತೆಲುಗಿನ ಮಗು, ಕನ್ನಡ ನಿಧಾನಕ್ಕೆ ಬರುತ್ತೆ ಎಂದುಕೊಂಡೆ. ಚಿನ್ನಕ್ಕನನ್ನು ಕೇಳಿದರೆ, "ನಮ್ ತೆಲುಗೂ ಸರಿಯಾಗ್ ಬರಲ್ಲ ತಲ್ಲಿ. ಲೈನಲ್ ಉಟ್ಟಿದ್ದಲ್ಲ, ತಮಿಳೇ ಇರ್ಬೇಕು ಬಾಯಲ್ಲಿ" ಎಂದಳು. ನನ್ನನ್ನು ಅವಳು ಯಾವಾಗಲೂ ತಲ್ಲಿ ಎಂದೇ ಕರೆಯುತ್ತಿದ್ದಳು, ತಾಯಿ ಅನ್ನುವ ಹಾಗೆ. ಲೈನ್ ಮನೆಯವರು, "ಆ ಹುಡುಗಿ ಊರಲ್ ಕನ್ನಡ ಕಲೀತಾ ಅವಳೆ, ಅದಕ್ಕೇ ತಮಿಳು ಮರ್ತೋಗಿದೆ" ಎನ್ನುತ್ತಿದ್ದರಂತೆ. ಹೀಗೆ ಮೂರು ಕಡೆಯವರೂ ಹುಡುಗಿ ಇನ್ನೊಂದು ಕಡೆಯ ಭಾಷೆ ಚೆನ್ನಾಗಿ ಆಡುತ್ತಾಳೆ ಎಂದು ನಂಬಿ ನೆಮ್ಮದಿಯಾಗಿದ್ದೆವು. ನಮ್ಮ ಈ ಗಡಿಯ ಕಡೆ ಒಂದೊಂದು ಮನೆಯಲ್ಲಿ ಮೂರು ಭಾಷೆ ಇರುವುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ನನಗೆ ಅವಳನ್ನು ಕಂಡರೆ ಇಷ್ಟ. ಸದ್ದಿಲ್ಲದ ಮಗು, ನನ್ನ ಹಾಗೆಯೇ ಸಂಕೋಚದ್ದು ಎಂದು ಅಕ್ಕರೆ. ಬೋರ್ಡಿನ ಮೇಲೆ ಬರೆದದ್ದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಳ್ಳುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಮಗ್ಗಿ ಹೇಳಿಸುವಾಗ ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದಳು. ಉಕ್ತಲೇಖನ ಕೊಟ್ಟರೆ ಮಾತ್ರ ಸ್ಲೇಟು ಖಾಲಿ. ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿದರೆ ಒಂದು ದಿನ ಟಕ್ಕೆಂದು ಉತ್ತರ, ಇನ್ನೊಂದು ದಿನ ಬಿಟ್ಟ ಕಣ್ಣು ಬಿಟ್ಟ ಹಾಗೆ. ನಾಲ್ಕನೇ ತರಗತಿಯ ಪರೀಕ್ಷೆಗೆ ಇನ್ಸ್‌ಪೆಕ್ಟರ್ ಬಂದು ಉಕ್ತಲೇಖನ ಕೊಟ್ಟಾಗ ಒಂದಕ್ಷರ ಬರೆಯದೆ ನಪಾಸಾದಳು.

ಆ ದಿನ ಚಿನ್ನಕ್ಕ ಶಾಲೆಯ ಬಾಗಿಲಿಗೆ ಬಂದು ನಿಂತಳು. "ಇನ್ನೊಂದ್ ವರ್ಸ ನೋಡ್ತೀನಿ ತಲ್ಲಿ. ಮತ್ತೂ ಫೇಲಾದ್ರೆ ಬಿಡಿಸ್ಬಿಡ್ತೀನಿ. ಎರಡ್ ಎಮ್ಮೆ ಅವೆ, ಮೇಯಿಸ್ಕೊಂಡಿರ್ಲಿ. ಅದಕ್ಕೆ ಯಾವ್ ಬಾಸೇನೂ ಬೇಕಾಗಿಲ್ಲ" ಎಂದಳು. ಸಿಟ್ಟಿನಿಂದಲ್ಲ, ಬೆಳಗಿನ ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದಳು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಹೇಳಿದ್ದನ್ನು ಮಾಡುವ ಮುದುಕಿ ಅವಳು.

ಆ ವರ್ಷದ ಜುಲೈ ಇರಬೇಕು. ನಾರಾಯಣಪ್ಪ ವಾರದ ರಜೆಯಲ್ಲಿ ಮಗಳನ್ನು ನೋಡಲು ಬಂದವನು ಶಾಲೆಗೂ ಬಂದ. ನಾನು ಎಂದಿನಂತೆ ತಗ್ಗಿದ ದನಿಯಲ್ಲಿ ಏನೋ ಹೇಳಿದೆ.

"ಜೋರಾಗ್ ಏಳಿ ಟೀಚರಮ್ಮ. ನನ್ ಕಿವಿ ಮಿಷಿನ್‌ಗೆ ಕೊಟ್ಬಿಟ್ಟಿದ್ದೀನಿ" ಎಂದು ಇಡೀ ಊರಿಗೆ ಕೇಳುವಂತೆ ಹೇಳಿದ.

ಲಚ್ಮಿ ಓಡಿಬಂದು ಅವನ ಎದುರಿಗೆ ನಿಂತಳು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡತೊಡಗಿದರು. ಅವನು ದನಿಯೇ ಇಲ್ಲದೆ ಬಾಯಿ ಆಡಿಸಿದರೂ ಅವಳು ನಗುತ್ತಿದ್ದಳು, ತಲೆಯಾಡಿಸುತ್ತಿದ್ದಳು. ನನ್ನ ತರಗತಿಯಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ನಾರಾಯಣಪ್ಪ ನನ್ನ ಕಡೆ ತಿರುಗಿ ಹೆಮ್ಮೆಯಿಂದ, "ಕೆಳಗ್ ಮಿಷಿನ್ ಓಡ್ತಾ ಇದ್ರೆ ಪಕ್ಕದೋನ್ ಕಿರಚ್ಕೊಂಡ್ರೂ ಕೇಳ್ಸಲ್ಲ ಟೀಚರಮ್ಮ. ಬಾಯ್ ನೋಡೇ ಮಾತ್ ತಿಳ್ಕೋಬೇಕು. ಇವ್ಳೂ ನನ್ ತರಾನೇ. ಮುಖದ್ ಮ್ಯಾಗಿಂದ ಕಣ್ ತೆಗಿಯಲ್ಲ. ಗಣಿಗ್ ಕರ್ಕೊಂಡೋದ್ರೆ ಒಳ್ಳೆ ಡ್ರಿಲ್ಲರ್ ಆಗ್ತಾಳೆ" ಎಂದು ನಕ್ಕ.

ಅವನು ತಮಾಷೆಗೆ ಹೇಳಿದ್ದು. ನನಗೆ ಮಾತ್ರ, ಈ ಮಗುವಿಗೂ ಕಿವಿ ಕೇಳುವುದಿಲ್ಲವೇನೋ ಎಂಬ ಅನುಮಾನ ಹೊಕ್ಕಿತು. ಮರುದಿನ ಲಚ್ಮಿ ಬರೆಯುತ್ತಿರುವಾಗ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಪಕ್ಕದ ಮಕ್ಕಳೆಲ್ಲ ತಿರುಗಿ ನೋಡಿದರು. ಅವಳು ತನ್ನ ಪಾಡಿಗೆ ‘ಳ’ ಅಕ್ಷರಕ್ಕೆ ಸುರುಳಿ ಹಾಕುತ್ತಿದ್ದಳು.

ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ಒಪ್ಪಲಿಲ್ಲ. "ಅವ್ಳ್ ಕಿವೀನಾ? ಊರಿಗೆಲ್ಲಾ ಅವ್ಳದೇ ಚುರುಕು ಕಣಮ್ಮ. ಗಣೀಲಿ ಬಂಡೆ ಸಿಡಿದಾಗ ಮೊದಲು ಎದ್ದು ಓಡೋಳು ಯಾರು?" ಎಂದರು.

ಅದೂ ನಿಜವೇ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ನಮ್ಮ ಊರಿನ ನೆಲವೂ ಸಣ್ಣಗೆ ನಡುಗುತ್ತಿತ್ತು. ಹೆಂಚು ಕಟಕಟ ಎನ್ನುವ ಮುಂಚೆಯೇ ಲಚ್ಮಿ ಎದ್ದು ಬಾಗಿಲಲ್ಲಿ ಇರುತ್ತಿದ್ದಳು. ಚಿನ್ನಕ್ಕನೂ ಅದನ್ನೇ ಹೇಳಿದಳು. ನಾನು ಅವರಿಬ್ಬರಿಗೂ ಎದುರು ಹೇಳುವಷ್ಟು ತಿಳಿದವಳಲ್ಲ. ಆದರೆ ತಿಳಿದವರನ್ನು ಕೇಳಬಹುದಲ್ಲ ಎನಿಸಿತು. ಕಿವಿ ಮಂದವಾದ ಗಣಿ ಕೆಲಸಗಾರರನ್ನೆಲ್ಲ ನೋಡುವ ಒಬ್ಬರು ಕಿವಿ ಡಾಕ್ಟರಮ್ಮ ಗಣಿ ಕಡೆಯ ಆಸ್ಪತ್ರೆಯಲ್ಲಿದ್ದಾರೆ ಎಂದು ನಾರಾಯಣಪ್ಪನೇ ಹೇಳಿದ್ದ.

ಒಂದು ಶನಿವಾರ ಚಿನ್ನಕ್ಕನನ್ನೂ ಲಚ್ಮಿಯನ್ನೂ ಕರೆದುಕೊಂಡು ಕ್ಯಾಸಂಬಳ್ಳಿಯಲ್ಲಿ ಬಸ್ಸು ಹತ್ತಿದೆ. ಡಾಕ್ಟರ ಎದುರು ಬಾಯಿ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡಿದ್ದೆ. ನನಗೆ ಬರುತ್ತಿದ್ದ ಕಾಗದ ಒಂದೇ ಬಗೆಯದು, ರಜಾ ಅರ್ಜಿ. ಅದೇ ಪ್ರಕಾರ, "ಇವರಿಗೆ, ಕಿವಿಯ ವೈದ್ಯರು. ಮಾನ್ಯರೇ, ವಿಷಯ: ವೆಂಕಟಲಕ್ಷ್ಮಿಯ ಕಿವಿಯ ಬಗ್ಗೆ" ಎಂದು ಶುರು ಮಾಡಿ, "ದಯಮಾಡಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ, ತಮ್ಮ ವಿಧೇಯಳು" ಎಂದು ಮುಗಿಸಿದ್ದೆ.

ಡಾಕ್ಟರಮ್ಮ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದವರು. ಅಟೆಂಡರ್ ಜೊತೆ ತಮಿಳು, ಚಿನ್ನಕ್ಕನ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಕಾಗದ ಓದಿ, "ಟೀಚರ್, ಏನನ್ನ ಮಂಜೂರು ಮಾಡ್ಲಿ? ಕಿವೀನಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಚಿನ್ನಕ್ಕನಿಗೆ ತೆಲುಗಿನಲ್ಲಿ ಹೇಳಿದಾಗ ಅವಳೂ ನಕ್ಕಳು. ಲಚ್ಮಿ ಎಲ್ಲರ ಮುಖ ನೋಡಿ ತಾನೂ ನಕ್ಕಳು.

ಪರೀಕ್ಷೆ ನಡೆದದ್ದು ಒಂದು ಪುಟ್ಟ ಕೋಣೆಯಲ್ಲಿ. ಲಚ್ಮಿಯ ಎರಡೂ ಕಿವಿಗೆ ಬಟ್ಟಲಿನಂಥದ್ದು ಮುಚ್ಚಿ, ಕೈಗೆ ಒಂದು ಹಿಡಿ ಹುಣಸೆಬೀಜ ಕೊಟ್ಟರು. ಒಳಗೆ ಸದ್ದು ಕೇಳಿದಾಗಲೆಲ್ಲ ಒಂದು ಬೀಜವನ್ನು ಡಬ್ಬಿಗೆ ಹಾಕಬೇಕು. ಡಾಕ್ಟರಮ್ಮ ಗುಂಡಿ ತಿರುಗಿಸುತ್ತಾ ಹೋದರು. ಹುಡುಗಿ ಬೀಜ ಹಿಡಿದು ಕೂತೇ ಇದ್ದಳು. ಆ ಬಟ್ಟಲಿನ ಸದ್ದು ನಮ್ಮ ಕಿವಿಗೂ ಬೀಳತೊಡಗಿದ ಮೇಲೆ ಒಂದು ಬೀಜ ಟಣ್ ಎಂದು ಬಿತ್ತು. ಚಿನ್ನಕ್ಕ ಸೆರಗಿನಿಂದ ಮೊಮ್ಮಗಳ ಮುಖದ ಬೆವರು ಒರೆಸಿದಳು.

"ಬಂಡೆ ಸಿಡಿದಾಗ ಮೊದಲು ಓಡೋಳು ಇವಳೇ" ಎಂದು ನಾನು ಮೆಲ್ಲಗೆ ಹೇಳಿದೆ.

"ಅದನ್ನ ಕಿವಿಯಿಂದ ಕೇಳಲ್ಲ ಟೀಚರ್, ಪಾದದಿಂದ ಕೇಳ್ತಾಳೆ. ಬರಿಗಾಲಲ್ಲಿ ನೆಲದ ಮೇಲೆ ಕೂರೋ ಮಗು. ನೀವೆಲ್ಲ ಸದ್ದಿಗೆ ಕಾಯ್ತೀರ, ಅವಳು ನಡುಕಕ್ಕೆ ಏಳ್ತಾಳೆ" ಎಂದರು ಡಾಕ್ಟರಮ್ಮ.

ಕಿವಿಗೆ ಯಂತ್ರ ಹಾಕಿದರೆ ಸ್ವಲ್ಪ ಸಹಾಯವಾಗುತ್ತದೆ, ಅದಕ್ಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆಯುತ್ತೇನೆ ಎಂದರು. ನಾನು ಕೈಮುಗಿದು ಏಳುವವಳಿದ್ದೆ. ಇಷ್ಟೇ ಕೆಲಸ, ಇನ್ನು ಡಾಕ್ಟರು ನೋಡಿಕೊಳ್ಳುತ್ತಾರೆ ಎಂದು ನನ್ನ ಎಣಿಕೆ. ಅವರು ಕೂರಿಸಿದರು.

"ಯಂತ್ರ ಅರ್ಧ ಕೆಲಸ ಮಾಡತ್ತೆ. ಇನ್ನರ್ಧ ನಿಮ್ಮ ಕ್ಲಾಸಲ್ಲಿದೆ. ಈಗ ಹೇಳಿ. ಅವಳು ಎಲ್ಲಿ ಕೂರ್ತಾಳೆ? ಬೆಳಕು ಯಾವ ಕಡೆಯಿಂದ ಬರತ್ತೆ? ಯಾರು ಮಾತಾಡಿದ್ರೆ ತಿಳಿಯತ್ತೆ, ಯಾರದ್ದು ತಿಳಿಯಲ್ಲ? ದಿನದಲ್ಲಿ ಯಾವಾಗ ಉತ್ತರ ಕೊಡ್ತಾಳೆ, ಯಾವಾಗ ಕೊಡಲ್ಲ?"

ಎರಡು ವರ್ಷ ನನ್ನ ಕಣ್ಣೆದುರಿಗೆ ಇದ್ದ ಮಗು. ನಾನು ಅವಳ ಸ್ಲೇಟನ್ನು ನೋಡಿದ್ದೆ, ಅವಳನ್ನು ನೋಡಿರಲಿಲ್ಲ.

"ಹದಿನೈದು ದಿನ ಸುಮ್ನೆ ನೋಡಿ, ಕಂಡದ್ದನ್ನ ಬರೀರಿ. ಅವಳು ದಡ್ಡಿ, ಜಾಣೆ, ಹೆದರ್ತಾಳೆ ಅಂತೆಲ್ಲ ಬರೀಬೇಡಿ. ಏನಾಯ್ತೋ ಅಷ್ಟೇ ಬರೀರಿ. ಅರ್ಜಿ ತರ ಬೇಡ" ಎಂದರು.

ಕವಿತಾ, ನಿನ್ನ ತರಬೇತಿಯಲ್ಲಿ ಇದಕ್ಕೆ ಈಗ ದೊಡ್ಡ ಹೆಸರೇನಾದರೂ ಇದ್ದೀತು. ನನ್ನ ಹತ್ತಿರ ಇದ್ದದ್ದು ನಲವತ್ತು ಪುಟದ ಒಂದು ನೋಟ್ ಪುಸ್ತಕ. ಹದಿನೈದು ದಿನ ಬರೆದೆ. ಕಿಟಕಿ ಹತ್ತಿರ ಕೂತಾಗ ಇಷ್ಟು ಸರಿ, ಗೋಡೆ ಹತ್ತಿರ ಕೂತಾಗ ಇಷ್ಟು ಸರಿ. ನಾನು ಬೋರ್ಡಿಗೆ ಮುಖ ಮಾಡಿ ಹೇಳಿದಾಗ ಸೊನ್ನೆ. ಒಂದು ದಿನ ಹತ್ತು ಮಾತಿಗೆ ಏಳು ಸರಿ. ಮರುದಿನ ಅದೇ ಹತ್ತು ಮಾತು, ಅದೇ ಜಾಗ, ಒಂದೂ ಇಲ್ಲ. ಅದರ ಕಾರಣ ತಿಳಿಯದೆ, ಆ ದಿನ ಇನ್ನೇನೇನಿತ್ತು ಎಂದು ಸುಮ್ಮನೆ ಪಕ್ಕದಲ್ಲಿ ಬರೆಯುತ್ತಾ ಹೋದೆ. ಮೋಡ ಇತ್ತು, ಹೆಡ್‌ಮಾಸ್ಟರ್ ರಜೆ. ಬಿಸಿಲು, ಹೆಡ್‌ಮಾಸ್ಟರ್ ಇದ್ದರು. ಹೀಗೆ.

ಎರಡನೇ ಸಲ ಹೋದಾಗ ಡಾಕ್ಟರಮ್ಮ ಪುಸ್ತಕವನ್ನು ಒಂದೊಂದೇ ಪುಟ ಓದಿದರು. ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗಿ ಕೊನೆಗೆ ತಲೆ ಎತ್ತಿದರು.

"ಟೀಚರ್, ಹೆಡ್‌ಮಾಸ್ಟರ್ ನಿಮ್ಮ ಕ್ಲಾಸಲ್ಲಿ ಕೂತಿದ್ದ ದಿನ ಎಲ್ಲಾ ಸೊನ್ನೆ. ಅವರಿಲ್ಲದ ದಿನ ಐದು, ಆರು, ಏಳು. ಅವರು ಹೊಡೀತಾರಾ?"

"ಅಯ್ಯೋ ಇಲ್ಲ. ಒಬ್ಬರಿಗೂ ಕೈ ಮಾಡೋರಲ್ಲ."

"ಹಾಗಾದ್ರೆ ಅವರು ಬಂದಾಗ ಏನು ಬದಲಾಗತ್ತೆ? ಈಗ ನಾನೇ ಹೆಡ್‌ಮಾಸ್ಟರ್ ಅಂದ್ಕೊಳ್ಳಿ. ಇಲ್ಲಿ ಕೂತಿದ್ದೀನಿ. ನೀವು ಲಚ್ಮಿಗೆ ಪಾಠ ಮಾಡಿ."

ನಾನು ಎದ್ದು ನಿಂತೆ. "ಲಚ್ಮಿ, ಹಸು ಹುಲ್ಲು ತಿನ್ನುತ್ತದೆ" ಎಂದೆ. ಲಚ್ಮಿ ಸುಮ್ಮನಿದ್ದಳು.

ಡಾಕ್ಟರಮ್ಮ ನನ್ನ ಮುಖದ ಕಡೆ ಬೆರಳು ತೋರಿಸಿದರು. ನೋಡಿಕೊಂಡರೆ ನನ್ನ ಬಲಗೈ ಸೆರಗಿನ ಅಂಚು ಹಿಡಿದು ಬಾಯಿಗೆ ಅಡ್ಡವಾಗಿ ನಿಂತಿತ್ತು. ಯಾವಾಗ ಏರಿತೋ ನನಗೇ ಗೊತ್ತಿಲ್ಲ. ಹಿರಿಯರ ಎದುರು, ಗಂಡಸರ ಎದುರು ಮಾತಾಡುವಾಗ ಸೆರಗು ಬಾಯಿಗೆ ಬರುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನೋಡುತ್ತಾ ಬೆಳೆಯುತ್ತೇವೆ. ಗಂಡ ಇಲ್ಲದವಳಿಗೆ ಅದು ಇನ್ನೂ ಮುಖ್ಯ.

"ಈಗ ಕೈ ಇಳಿಸಿ ಹೇಳಿ" ಎಂದರು.

ಕೈ ಇಳಿಸಿ ಹೇಳಿದೆ. ಲಚ್ಮಿ ನನ್ನ ತುಟಿ ನೋಡಿ, "ಅಸು ಉಲ್ಲು ತಿಂತದೆ" ಎಂದಳು.

ಚಿನ್ನಕ್ಕ ಅಲ್ಲೇ ಕೂತು ಕೇಳುತ್ತಿದ್ದವಳು, "ಅಂಗಾದ್ರೆ ಎರಡ್ ವರ್ಸ ಈ ಮಗು ನಿನ್ ಸೀರೆ ನೋಡ್ಕೊಂಡ್ ಕೂತಿತ್ತಾ ತಲ್ಲಿ?" ಎಂದಳು. ನಮಗೆ ನಗುವೋ ನಗು. ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಲಚ್ಮಿಗೆ ಏನು ಬೇಕು ಎಂದು ಕೇಳಲು ಹೋದವಳಿಗೆ ನನ್ನ ಬಾಯಿ ಬೇಕು ಎಂಬ ಉತ್ತರ ಸಿಕ್ಕಿತ್ತು.

ಡಾಕ್ಟರಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕತ್ತಲಾಗುತ್ತದೆ. ಬೋರ್ಡಿಗೆ ಬರೆಯುವಾಗ ಮಾತಾಡಬೇಡಿ. ಕಿರುಚಬೇಡಿ, ಬಾಯಿ ವಕ್ರವಾಗುತ್ತದೆ. ಮಾಮೂಲಾಗಿ ಮಾತಾಡಿ. ಮಾಮೂಲಾಗಿ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಮಾಮೂಲಾಗಿ ಮಾತಾಡುವುದೇ ನನಗೆ ಗೊತ್ತಿಲ್ಲದ್ದು. ಸೋಮವಾರ ಹೆಡ್‌ಮಾಸ್ಟರ್ ಬಂದು ಮೇಜಿನ ಮುಂದೆ ಕೂತ ಕೂಡಲೇ ಕೈ ಎದ್ದಿತು. ಇಳಿಸಿದೆ. ಮತ್ತೆ ಎದ್ದಿತು. ಕೊನೆಗೆ ನಾಟಿ ಹಾಕುವವರ ಹಾಗೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಗಿಸಿ, ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡೆ. ಮುಖವೆಲ್ಲ ಬಿಸಿಯಾಯಿತು. ಮುನಿಸ್ವಾಮಪ್ಪನವರು ರಿಜಿಸ್ಟರಿನಿಂದ ತಲೆ ಎತ್ತಿ ನೋಡಿ, "ಏನಮ್ಮ ಸರೋಜಮ್ಮ, ನಿಮ್ ಬಾಯಲ್ ಹಲ್ಲಿದ್ದಿದ್ದು ಎಂಟ್ ವರ್ಷಕ್ಕೆ ಇವತ್ತು ಗೊತ್ತಾಯ್ತು" ಎಂದರು. ಮಕ್ಕಳು ಘೊಳ್ಳೆಂದರು. ನಾನು ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುವವಳಿದ್ದೆ. ಲಚ್ಮಿ ಮೊದಲ ಸಾಲಿನಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಳು. ಪಾಠ ಮುಂದುವರಿಸಿದೆ.

ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ, "ಟೀಚರಮ್ಮನ್ಗೆ ಡಾಕ್ಟ್ರು ಬಾಯ್ ಬಿಚ್ಚೋ ಮಾತ್ರೆ ಕೊಟ್ಟವ್ರಂತೆ" ಎಂದು ಆಡಿಕೊಂಡರು. ಚಿನ್ನಕ್ಕ ಅವರಿಗೆ ತೆಲುಗಿನಲ್ಲಿ ಏನೋ ಹೇಳಿದಳಂತೆ. ಏನೆಂದು ನನಗೆ ಯಾರೂ ತಿಳಿಸಲಿಲ್ಲ, ಆದರೆ ಆಡಿಕೊಳ್ಳುವುದು ನಿಂತಿತು.

ದೀಪಾವಳಿ ಕಳೆದು ಕಿವಿಯ ಯಂತ್ರ ಬಂತು. ಈಗಿನ ಹಾಗೆ ಕಿವಿಯೊಳಗೆ ಅಡಗುವುದಲ್ಲ. ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಚಿನ್ನಕ್ಕ ತನ್ನ ಹಳೇ ರವಿಕೆಯ ಬಟ್ಟೆಯಲ್ಲಿ ಅದಕ್ಕೊಂದು ಜೇಬು ಹೊಲಿದಳು, ಹಸಿರು ಅಂಚು ಇಟ್ಟು. ಯಂತ್ರ ಹಾಕಿದ ಮೊದಲ ದಿನ ಶಾಲೆಯ ಗಂಟೆ ಬಾರಿಸಿದಾಗ ಲಚ್ಮಿ ಬೆಚ್ಚಿಬಿದ್ದಳು. ಆಮೇಲೆ ಸೀಮೆಸುಣ್ಣ ಬೋರ್ಡಿನ ಮೇಲೆ ಕಿರ್ ಎಂದದ್ದಕ್ಕೆ ಕಿವಿ ಮುಚ್ಚಿಕೊಂಡು ನಕ್ಕಳು. ಮಧ್ಯಾಹ್ನ ಮನೆಯಲ್ಲಿ ಎಮ್ಮೆ ಉಚ್ಚೆ ಹೊಯ್ಯುವ ಸದ್ದು ಕೇಳಿ ಓಡಿಬಂದು ಅಜ್ಜಿಯನ್ನು ಕರೆದು ತೋರಿಸಿದಳಂತೆ. "ಇಷ್ಟ್ ವರ್ಸ ಅದು ಸದ್ದಿಲ್ದಂಗ್ ಮಾಡ್ತಿತ್ತು ಅಂದ್ಕೊಂಡಿತ್ತು ನಮ್ ಮಗು" ಎಂದು ಚಿನ್ನಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು.

ಇಲ್ಲಿ ನನ್ನ ಒಂದು ಪೆದ್ದುತನವನ್ನೂ ಬರೆಯಬೇಕು. ಒಂದು ಮಗುವಿನದು ಸರಿಯಾದದ್ದೇ ತಡ, ಓದದ ಮಕ್ಕಳೆಲ್ಲ ನನ್ನ ಕಣ್ಣಿಗೆ ಕಿವುಡರಾಗಿ ಕಂಡರು. ಪಾಠದ ಹೊತ್ತಿನಲ್ಲಿ ತೂಕಡಿಸುವ ಇಬ್ಬರು ಅಕ್ಕತಂಗಿಯರನ್ನು ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಹೋದೆ. ನೋಟ್ ಪುಸ್ತಕ ಬರೆದಿರಲಿಲ್ಲ, ಈಗ ನನಗೆಲ್ಲ ಗೊತ್ತು ಎನ್ನುವ ಧೈರ್ಯ. ಅವರು ಹುಣಸೆಬೀಜಗಳನ್ನು ಸರಸರನೆ ಡಬ್ಬಿಗೆ ಹಾಕಿದರು. ಡಾಕ್ಟರಮ್ಮ ನನ್ನ ಕೈಗೆ ಒಂದು ಚೀಟಿ ಕೊಟ್ಟರು. "ಮಾನ್ಯರೇ, ವಿಷಯ: ಇಬ್ಬರ ಕಿವಿಯ ಬಗ್ಗೆ. ಕಿವಿಗಳು ಚೆನ್ನಾಗಿವೆ. ಬೆಳಿಗ್ಗೆ ಏನು ತಿಂದು ಬರುತ್ತಾರೆ ಎಂದು ವಿಚಾರಿಸಬೇಕಾಗಿ ಪ್ರಾರ್ಥನೆ" ಎಂದು ಬರೆದಿತ್ತು. ವಿಚಾರಿಸಿದೆ. ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕಟ್ಟಿ ಸಂತೆಗೆ ಕಳಿಸಿ, ಏನೂ ತಿನ್ನದೆ ಬರುತ್ತಿದ್ದರು. ಅವರ ತಾಯಿಯ ಹತ್ತಿರ ಮಾತಾಡಿ, ಒಂದೊಂದು ಮುದ್ದೆ ತಿಂದೇ ಬರುವಂತೆ ಮಾಡಿದ ಮೇಲೆ ತೂಕಡಿಕೆ ನಿಂತಿತು. ಆಮೇಲಿನ ಇಪ್ಪತ್ತು ವರ್ಷ ಯಾವ ಮಗುವನ್ನು ಯಾರ ಹತ್ತಿರ ಕರೆದುಕೊಂಡು ಹೋಗುವ ಮುಂಚೆಯೂ ಹದಿನೈದು ದಿನದ ಪುಸ್ತಕ ಬರೆಯದೆ ಹೋಗಲಿಲ್ಲ.

ಮಾರ್ಚಿ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ನಾಲ್ಕನೇ ತರಗತಿಯ ಪರೀಕ್ಷೆಗೆ ಬಂದರು. ಚಿನ್ನಕ್ಕ ಬೆಳಿಗ್ಗೆಯೇ ಬಂದು ಶಾಲೆಯ ಹೊರಗೆ ಹುಣಸೆಮರದ ಕೆಳಗೆ ಕೂತಿದ್ದಳು. ಎಮ್ಮೆಗಳೂ ಅಲ್ಲೇ ಮೇಯುತ್ತಿದ್ದವು.

ಉಕ್ತಲೇಖನವನ್ನು ಸಾಹೇಬರು ತಾವೇ ಕೊಡುತ್ತಿದ್ದರು. ಮಕ್ಕಳು ಕಾಪಿ ಹೊಡೆಯಬಾರದೆಂದು ಅವರ ಬೆನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಾ ಓದುವುದು ಅವರ ಪದ್ಧತಿ. ಮೊದಲ ವಾಕ್ಯ ಓದಿದರು. ಎಲ್ಲರೂ ಬರೆದರು. ಲಚ್ಮಿ ಬಳಪ ಹಿಡಿದು, ಕೊರಳು ತಿರುಗಿಸಿ ಅವರನ್ನು ಹುಡುಕುತ್ತಿದ್ದಳು. ಯಂತ್ರದಲ್ಲಿ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಏಯ್, ಮುಂದೆ ನೋಡು" ಎಂದು ಸಾಹೇಬರು ಗದರಿದರು.

ನಾನು ಹೆಡ್‌ಮಾಸ್ಟರ್ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಆ ದಿನ ಅವರು ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಬೇಕೆಂದೇ ಸುಮ್ಮನಿದ್ದರು ಎಂದು ಆಮೇಲೆ ಹೇಳಿದರು.

"ಸಾರ್," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಆ ಮಗು ಮುಖ ನೋಡಿ ಮಾತು ತಿಳ್ಕೊಳ್ಳತ್ತೆ. ತಾವು ಮುಂದೆ ನಿಂತು ಓದ್ಬೇಕು."

ಸಾಹೇಬರು ನಿಂತರು. ಡಾಕ್ಟರಮ್ಮನ ಚೀಟಿ ಕೊಟ್ಟೆ, ನೋಟ್ ಪುಸ್ತಕವನ್ನೂ ಕೊಟ್ಟೆ. ಅವರು ನಿಂತಲ್ಲೇ ನಾಲ್ಕು ಪುಟ ಓದಿದರು. ಮುಂದೆ ಬಂದು, ಬೆಳಕಿಗೆ ಮುಖ ಕೊಟ್ಟು ನಿಂತು, ಎರಡನೇ ವಾಕ್ಯ ಓದಿದರು. ಲಚ್ಮಿ ಕಣ್ಣು ಕಿರಿದು ಮಾಡಿ ನೋಡಿದಳು, ನನ್ನ ಕಡೆ ತಿರುಗಿ ಇಲ್ಲ ಎಂದು ತಲೆಯಾಡಿಸಿದಳು.

ಕಾರಣ ನನಗೆ ಕಾಣುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಸಾಹೇಬರದು ದೊಡ್ಡ ಮೀಸೆ. ಮೇಲ್ತುಟಿ ಪೂರಾ ಅದರ ಒಳಗೆ.

"ಈಗೇನು?" ಎಂದರು ಸಾಹೇಬರು.

"ಸಾರ್, ತಮ್ಮ..." ಎಂದು ನಿಂತೆ. ಕೈ ಸೊಂಟದ ಸೆರಗಿಗೆ ಹೋಯಿತು. ಅದನ್ನು ಅಲ್ಲೇ ಬಿಟ್ಟೆ. "ತಮ್ಮ ಮೀಸೆ ಅಡ್ಡ ಬರ್ತದೆ ಸಾರ್."

ಮುನಿಸ್ವಾಮಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಅವರು ಹೊರಗೆ ಹೋದರು. ಸಾಹೇಬರು ನನ್ನನ್ನು ನೋಡಿದರು, ಲಚ್ಮಿಯನ್ನು ನೋಡಿದರು, ಅವಳ ಎದೆಯ ಮೇಲಿನ ಹಸಿರು ಅಂಚಿನ ಜೇಬನ್ನು ನೋಡಿದರು. ಆಮೇಲೆ ಎಡಗೈಯ ಎರಡು ಬೆರಳಿನಿಂದ ಮೀಸೆಯನ್ನು ಎರಡೂ ಕಡೆಗೆ ಮೇಲೆತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಪುಸ್ತಕ ಹಿಡಿದು, ಮೊದಲಿನಿಂದ ಹತ್ತೂ ವಾಕ್ಯಗಳನ್ನು ಓದಿದರು. ಮೀಸೆ ಎತ್ತಿ ಹಿಡಿದಾಗ ದನಿ ಸ್ವಲ್ಪ ಮೂಗಿನಲ್ಲಿ ಬರುತ್ತಿತ್ತು. ಮಕ್ಕಳು ತುಟಿ ಕಚ್ಚಿಕೊಂಡು ಬರೆದರು. ನಾನು ಕೆನ್ನೆ ಒಳಗಿನಿಂದ ಕಚ್ಚಿಕೊಂಡೆ. ಲಚ್ಮಿ ಒಬ್ಬಳೇ ನಗಲಿಲ್ಲ. ಅವಳಿಗೆ ಕೆಲಸವಿತ್ತು.

ಹತ್ತಕ್ಕೆ ಎಂಟು ಸರಿ. ಸಾಹೇಬರು ಸ್ಲೇಟನ್ನು ಎರಡು ಸಲ ನೋಡಿ, ರಿಜಿಸ್ಟರಿನಲ್ಲಿ ‘ಪಾಸ್’ ಎಂದು ಬರೆದು ರುಜು ಹಾಕಿದರು. ಹೊರಡುವಾಗ, "ನಿಮ್ಮ ಹೆಸರೇನಮ್ಮ?" ಎಂದು ಕೇಳಿದರು. ಹೇಳಿದೆ.

ಹುಣಸೆಮರದ ಕೆಳಗೆ ಹೋಗಿ ಚಿನ್ನಕ್ಕನಿಗೆ ತಿಳಿಸಿದೆ. ಅವಳು ಎಮ್ಮೆಗಳ ಕಡೆ ನೋಡಿದಳು. "ಓಗ್ಲಿ ಬಿಡು ತಲ್ಲಿ. ಇನ್ನೂ ಗಟ್ಟಿಯಾಗಿದ್ದೀನಿ. ಇವನ್ನ ನಾನೇ ಮೇಯಿಸ್ಕೊತೀನಿ" ಎಂದಳು.

ಐದನೇ ತರಗತಿಗೆ ಕ್ಯಾಸಂಬಳ್ಳಿಗೆ ಹೋಗಬೇಕು. ಅಲ್ಲಿ ದೊಡ್ಡ ಶಾಲೆ, ವಿಷಯಕ್ಕೊಬ್ಬ ಮೇಷ್ಟ್ರು. ಅವರಿಗೆಲ್ಲ ಯಾರು ಹೇಳುವುದು ಎಂದು ನನಗೆ ಯೋಚನೆ. ಶಾಲೆ ತೆರೆದ ದಿನ ಒಪ್ಪೊತ್ತು ರಜೆ ಹಾಕಿ ಲಚ್ಮಿಯ ಜೊತೆ ಹೋದೆ. ಅಲ್ಲಿನ ಮೇಷ್ಟ್ರುಗಳನ್ನು ಕಂಡು ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದೆ. ನಾವು ಮುಟ್ಟುವಷ್ಟರಲ್ಲಿ ಗಂಟೆಯಾಗಿ ಲೆಕ್ಕದ ಮೇಷ್ಟ್ರು ತರಗತಿ ಶುರು ಮಾಡಿಬಿಟ್ಟಿದ್ದರು. ಲಚ್ಮಿ ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ ಮೊದಲ ಬೆಂಚಿನಲ್ಲಿ, ಬೆಳಕಿರುವ ಕಡೆ ಜಾಗ ಮಾಡಿಕೊಂಡು ಕೂತಳು. ಗಂಟೆ ಮುಗಿಯಲಿ, ಆಮೇಲೆ ಮೇಷ್ಟ್ರಿಗೆ ಹೇಳೋಣವೆಂದು ನಾನು ಕಿಟಕಿಯ ಹೊರಗೆ ನಿಂತೆ.

ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ, ಬರೆಯುತ್ತಾ ಬರೆಯುತ್ತಾ ಭಿನ್ನರಾಶಿಯ ಪಾಠ ಹೇಳುತ್ತಿದ್ದರು. ಲಚ್ಮಿ ಸ್ವಲ್ಪ ಹೊತ್ತು ಅವರ ಬೆನ್ನು ನೋಡಿದಳು. ಆಮೇಲೆ ಎದ್ದು ನಿಂತಳು.

"ಸಾರ್," ಎಂದಳು. ಅವಳ ಮಾತು ಆಗಲೂ ಪೂರ್ತಿ ತಿಳಿಯಾಗಿರಲಿಲ್ಲ, ಆದರೆ ಕೋಣೆಗೆಲ್ಲ ಕೇಳಿಸಿತು. "ನನ್ ಕಡೆ ತಿರುಕ್ಕೊಂಡ್ ಏಳಿ ಸಾರ್. ಬೆನ್ನು ನಂಗೆ ತಿಳಿಯಲ್ಲ."

ಮೇಷ್ಟ್ರು ತಿರುಗಿದರು, ಅವಳ ಕಿವಿಯ ವೈರು ನೋಡಿದರು, ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟು ಮೊದಲಿನಿಂದ ಶುರು ಮಾಡಿದರು. ನಾನು ಮಧ್ಯಾಹ್ನದ ಪಾಠಕ್ಕೆ ನನ್ನ ಶಾಲೆಗೆ ಹೋಗಬೇಕೆಂದು ಬಸ್ ಸ್ಟ್ಯಾಂಡಿನ ಕಡೆ ನಡೆದೆ.